ಮುಮ್ತಾಜಬೇಗಂ ಹೊಲಿಯದ ನಲವತ್ತು ಮಂಚಗಳು

ವಿದ್ಯುನ್ಮಾನ ಟೆಂಡರುಗಳ ಉಸ್ತುವಾರಿ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ, ಕುಷ್ಟಗಿಯ ಮುಮ್ತಾಜಬೇಗಂ ಅವರನ್ನು ನೀವು ಮೂರು ವರ್ಷದ ಮಟ್ಟಿಗೆ ಕಪ್ಪುಪಟ್ಟಿಗೆ ಸೇರಿಸಿದ್ದೀರಿ. ಎರಡು ವಸತಿ ನಿಲಯಗಳಿಗೆ ನಲವತ್ತು ಕಬ್ಬಿಣದ ಮಂಚ ಕೊಡುವ ಟೆಂಡರ್ ಗೆದ್ದು ಒಂದನ್ನೂ ಕೊಡಲಿಲ್ಲ ಎಂಬುದು ಅವರ ಅಪರಾಧ. ಆದೇಶ ಚೊಕ್ಕವಾಗಿದೆ, ಕಾಗುಣಿತದ ತಪ್ಪು ಸಹ ಇಲ್ಲ. ತೊಂದರೆ ಒಂದೇ: ಆ ಹೆಣ್ಣುಮಗಳು ಹೊಲಿಗೆಯವರು. ಆರು ಜನ ಹೆಂಗಸರ ಸಂಘ ಕಟ್ಟಿಕೊಂಡು ಒಂಬತ್ತು ವರ್ಷದಿಂದ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಾರೆ. ನಿಮ್ಮ ಆದೇಶವನ್ನು ನಾನು ಓದಿ ಹೇಳಿದಾಗ ಅವರು ಕೇಳಿದ್ದು ಇಷ್ಟು: "ಸರ, ಮಂಚ ಹೊಲ್ಯಾಕ ಬರ್ತೈತೇನ್ರಿ?"

ನನಗೆ ನಗು ಬರಲಿಲ್ಲ. ಈ ತಿಂಗಳ ಇಪ್ಪತ್ತಕ್ಕೆ ಸಮವಸ್ತ್ರದ ಟೆಂಡರ್ ಮುಗಿಯುತ್ತದೆ. ಕಪ್ಪುಪಟ್ಟಿಯಲ್ಲಿ ಇರುವವರನ್ನು ನಿಮ್ಮ ಕಂಪ್ಯೂಟರ್ ಒಳಗೇ ಬಿಡುವುದಿಲ್ಲ. ಅಲ್ಲಿಗೆ ಆರು ಹೊಲಿಗೆ ಯಂತ್ರಗಳು ಮೂರು ವರ್ಷ ಬಟ್ಟೆ ಹೊದ್ದು ಮಲಗಬೇಕು.

ಇದನ್ನೆಲ್ಲ ಹೇಳಲು ನೀನು ಯಾರು ಎಂದು ಕೇಳುತ್ತೀರಿ. ಮೂವತ್ತೊಂದು ವರ್ಷ ಯಲಬುರ್ಗಾ, ಗಂಗಾವತಿ, ಕೊಪ್ಪಳದ ಕಚೇರಿಗಳಲ್ಲಿ ಟೆಂಡರ್ ಪೆಟ್ಟಿಗೆ ಕಾದ ಗುಮಾಸ್ತ ನಾನು. ಅರಗಿನ ಮುದ್ರೆ ಒತ್ತಿದ ಲಕೋಟೆಗಳ ಕಾಲವದು. ಅದೇನೂ ಸತ್ಯಯುಗವಾಗಿರಲಿಲ್ಲ. ಕೊನೆಯ ದಿನ ನಾಲ್ಕು ಜನ ದಪ್ಪ ಮೀಸೆಯವರು ಬಾಗಿಲಿಗೆ ನಿಂತು, ತಮಗೆ ಬೇಡದವರ ಲಕೋಟೆ ಒಳಗೆ ಬಾರದ ಹಾಗೆ ನೋಡಿಕೊಳ್ಳುತ್ತಿದ್ದರು. ಚಹಾ ಕೆಟಲಿನ ಹಬೆಗೆ ಹಿಡಿದು ಲಕೋಟೆಯ ಅಂಟು ಬಿಡಿಸುತ್ತಿದ್ದುದನ್ನು ಕಂಡೂ ಕಾಣದಂತೆ ಕೂತವನು ನಾನು. ಆದ್ದರಿಂದ ಕಂಪ್ಯೂಟರ್ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನೂ ನಾನೇ. ನಿವೃತ್ತನಾದ ಮೇಲೆ ಬೇವೂರು, ಕುಷ್ಟಗಿ ಎಂದು ತಿರುಗಿ, "ಇನ್ನ ಬಾಗಲಕ್ಕ ಯಾರೂ ಅಡ್ಡ ನಿಲ್ಲಾಂಗಿಲ್ಲ, ಮನ್ಯಾಗ ಕುಂತ ಟೆಂಡರ್ ಹಾಕ್ರಿ" ಎಂದು ಸಂಘದ ಹೆಂಗಸರಿಗೆ ಭಾಷಣ ಬಿಗಿದೆ. ಮುಮ್ತಾಜಬೇಗಂ ನನ್ನ ಮಾತು ನಂಬಿದರು.

ಡಿಜಿಟಲ್ ಸಹಿ ಎಂದರೆ ಹೆಬ್ಬೆರಳಿನಷ್ಟು ಉದ್ದದ ಒಂದು ಪೆನ್‌ಡ್ರೈವ್. ಅದನ್ನು ಕಂಪ್ಯೂಟರಿಗೆ ಚುಚ್ಚಿ ಗುಪ್ತಸಂಖ್ಯೆ ಒತ್ತಿದರೆ ಸಹಿ ಬಿದ್ದ ಹಾಗೆ. ನಮ್ಮವರು ಅದನ್ನು ಚಾವಿ ಎನ್ನುತ್ತಾರೆ. ಅದನ್ನು ಮಾಡಿಸಲು ಮುಮ್ತಾಜಬೇಗಂ ಅವರನ್ನು ಶರಣಕುಮಾರನ ಕಂಪ್ಯೂಟರ್ ಅಂಗಡಿಗೆ ಕರೆದೊಯ್ದೆ. ನಿಮ್ಮ ಐದು ಬಗೆಯ ದಾಖಲೆ, ಇಷ್ಟೇ ಗಾತ್ರದ ಫೈಲು, ನಡುವೆ ಕೈಕೊಡುವ ಸರ್ವರ್, ಇವನ್ನೆಲ್ಲ ಮನೆಯಲ್ಲಿ ಕೂತು ನಿಭಾಯಿಸುವವರು ಯಾರು? ಹಾಗಾಗಿ ಎಲ್ಲರ ಚಾವಿಯೂ ಅವನ ಬಳಿಯೇ ಇರುವುದು ರೂಢಿ. ಮೇಜಿನ ಖಾನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ, ಅದರ ತುಂಬ ಚಾವಿಗಳು, ಒಂದೊಂದಕ್ಕೂ ಹೆಸರು ಮತ್ತು ಗುಪ್ತಸಂಖ್ಯೆ ಬರೆದ ಚೀಟಿ. ಮುಮ್ತಾಜಬೇಗಂ ತಮ್ಮದನ್ನು ಸೆರಗಿಗೆ ಗಂಟು ಹಾಕಿಕೊಳ್ಳಲು ಹೊರಟರು. ತಡೆದವನು ನಾನು.

"ಮನ್ಯಾಗ ಕಳದು ಹೋಗತೈತಿ, ಇಲ್ಲೇ ಇಡ್ರಿ."

"ಸಹಿ ನಂದು. ಇನ್ನೊಬ್ಬರ ಡಬ್ಬ್ಯಾಗ ಯಾಕ ಇರಬೇಕ್ರಿ?"

ನಾನು ಎಲ್ಲ ತಿಳಿದವನ ಹಾಗೆ ನಕ್ಕೆ. ಅವರ ಫೋನಿಗೆ ರೇಂಜ್ ಸಿಗುವುದಿಲ್ಲವೆಂದು ಶರಣಕುಮಾರ ಅರ್ಜಿಯಲ್ಲಿ ತನ್ನ ನಂಬರನ್ನೇ ಕೊಟ್ಟ. ಅದಕ್ಕೂ ತಲೆಯಾಡಿಸಿದೆ.

ಮಂಚದ ಟೆಂಡರಿಗೆ ಒಬ್ಬ ಗುತ್ತಿಗೆದಾರ ಬಂದ. ಪೈಪೋಟಿ ಇದೆ ಎಂದು ತೋರಿಸಲು ಇನ್ನೆರಡು ಹೆಸರು ಬೇಕಿತ್ತು. ಶರಣಕುಮಾರ ಡಬ್ಬಿಗೆ ಕೈ ಹಾಕಿ, ಮುಮ್ತಾಜಬೇಗಂ ಅವರದೂ ಸೇರಿ ಸಿಕ್ಕ ಎರಡು ಚಾವಿ ತೆಗೆದು, ಸೋಲಲೆಂದೇ ಹೆಚ್ಚಿನ ದರ ಹಾಕಿದ. ಆದರೆ ಗುತ್ತಿಗೆದಾರನ ಒಂದು ಪ್ರಮಾಣಪತ್ರದ ಅವಧಿ ಮುಗಿದಿತ್ತು, ಇನ್ನೊಬ್ಬರ ಕಾಗದ ಸರಿ ಇರಲಿಲ್ಲ. ಇಬ್ಬರೂ ಉದುರಿ ಹೋಗಿ ಹೊಲಿಗೆಯವರು ಗೆದ್ದುಬಿಟ್ಟರು! ಕಾರ್ಯಾದೇಶ, ಆಮೇಲೆ ಮೂರು ನೋಟಿಸು, ಎಲ್ಲ ಬಂದದ್ದು ಅವನ ಫೋನಿಗೆ. ಹೆದರಿ ಅಳಿಸಿ ಹಾಕಿದ. ಕಪ್ಪುಪಟ್ಟಿಯ ಆದೇಶವೊಂದು ಮಾತ್ರ ಅಂಚೆಯಲ್ಲಿ ಮನೆಗೆ ಬಂತು. ಮೊನ್ನೆ ಕೂರಿಸಿ ಕೇಳಿದಾಗ ಅತ್ತೇಬಿಟ್ಟ: "ಮೂರು ಮಂದಿ ಕಾಣಲಿಲ್ಲಂದ್ರ ಟೆಂಡರ್ ಮುಂದ ಹೋಗೂದಿಲ್ಲ ಅಂದ್ರು ಸರ. ಎಲ್ಲಾರೂ ಹಿಂಗ ಮಾಡ್ತಾರ. ಭಾಳ ತಪ್ಪಾತು." ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ನಿಮ್ಮ ಕಚೇರಿಗೆ ಮೂರು ಸಲ ಬಂದೆವು. ಮುಮ್ತಾಜಬೇಗಂ ಸಾಕ್ಷಿಗೆಂದು ತಾವು ಹೊಲಿದ ಒಂದು ಲಂಗ, ಒಂದು ಅಂಗಿ ಚೀಲದಲ್ಲಿ ತಂದಿದ್ದರು. ನಿಮ್ಮ ಸಿಬ್ಬಂದಿಯೊಬ್ಬರು ಹೊಲಿಗೆ ಮುಟ್ಟಿ ನೋಡಿ, "ಛಲೋ ಹೊಲದೀರಿ" ಎಂದು ಮೆಚ್ಚಿದರು. ಮೆಚ್ಚಿ, "ಡಿಜಿಟಲ್ ಸಹಿ ನಿಮ್ದ ಐತಿ, ಅಂದಮ್ಯಾಲೆ ಟೆಂಡರ್ ಹಾಕಿದವರೂ ನೀವ" ಎಂದು ಕಳಿಸಿದರು. ಮಾನ್ಯರೇ, ಮೂವರು ಪ್ರತಿಸ್ಪರ್ಧಿಗಳ ದರ ಒಂದೇ ಕಂಪ್ಯೂಟರಿನಿಂದ ಅರ್ಧ ಗಂಟೆಯೊಳಗೆ ಬಂದದ್ದು ನಿಮ್ಮ ದಾಖಲೆಯಲ್ಲೇ ಇರಬೇಕಲ್ಲವೇ? ಮುಮ್ತಾಜಬೇಗಂ ಹೆಸರಿನ ಟೆಂಡರ್ ಠೇವಣಿ ಯಾರ ಖಾತೆಯಿಂದ ಬಂತೆಂದು ನೋಡಿದಿರಾ? ಹೊಲಿಗೆ ಸಂಘ ಕಬ್ಬಿಣದ ಮಂಚ ಎಲ್ಲಿಂದ ತರುತ್ತದೆ ಎಂಬ ಪ್ರಶ್ನೆ ಇಡೀ ಕಚೇರಿಯಲ್ಲಿ ಒಬ್ಬರಿಗೂ ಏಳಲಿಲ್ಲವೇ? ಹಿಂದೆ ನಾವು ಹೆದರಿ ಕಣ್ಣು ಮುಚ್ಚುತ್ತಿದ್ದೆವು. ನೀವು ನೋಡುವ ಕೆಲಸವನ್ನೇ ಯಂತ್ರಕ್ಕೆ ವಹಿಸಿ ಆರಾಮಾಗಿದ್ದೀರಿ. ಸಿಟ್ಟು ಮಾಡಲೂ ನನಗೆ ಈಗ ತ್ರಾಣವಿಲ್ಲ, ಸಾಕಾಗಿದೆ.

ಕಂಪ್ಯೂಟರ್ ತೆಗೆದು ಮತ್ತೆ ಅರಗು ತನ್ನಿ ಎಂದು ನಾನು ಕೇಳುತ್ತಿಲ್ಲ. ಇಪ್ಪತ್ತರೊಳಗೆ ಮುಮ್ತಾಜಬೇಗಂ ಅವರ ಹೆಸರನ್ನು ಕಪ್ಪುಪಟ್ಟಿಯಿಂದ ತೆಗೆಯಿರಿ. ತಮ್ಮ ಚಾವಿಯನ್ನು ತಾವೇ ಚುಚ್ಚಿ ಟೆಂಡರ್ ಹಾಕುವುದನ್ನು ಇಂಥವರಿಗೆ ಕಲಿಸಲು ತಾಲ್ಲೂಕಿಗೆ ಒಬ್ಬ ಮನುಷ್ಯನನ್ನು, ಒಂದು ಮೇಜನ್ನು ಕೊಡಿ. ಆಮೇಲೆ ವಿಚಾರಣೆ ನಡೆಸಿ, ಆ ಡಬ್ಬಿ ತರಿಸಿ. ಮುಮ್ತಾಜಬೇಗಂ ಅವರ ಚಾವಿಯ ಚೀಟಿಯಲ್ಲಿ ಗುಪ್ತಸಂಖ್ಯೆ ದುಂಡಗೆ, ಒಂದು ಚಿತ್ತೂ ಇಲ್ಲದೆ ಬರೆದಿದೆ. ಶರಣಕುಮಾರನ ಬರಹ ಅಷ್ಟು ಚೆಂದವಿಲ್ಲ. ಅದು ಮೂವತ್ತೊಂದು ವರ್ಷ ಟೆಂಡರ್ ರಿಜಿಸ್ಟರ್ ಬರೆದ ಕೈ. ಮುಮ್ತಾಜಬೇಗಂ ಹೇಳಿದರು, ನಾನು ಬರೆದು ಅಂಟಿಸಿದೆ. ನಿಮ್ಮ ಪಟ್ಟಿಯಲ್ಲಿ ಒಂದು ಹೆಸರು ಇರಲೇಬೇಕಾದರೆ ನನ್ನದನ್ನು ಬರೆದುಕೊಳ್ಳಿ.

ಇಂತಿ,
ಈ ಕಾಗದಕ್ಕೆ ಪೆನ್ನಿನಿಂದ ತಾನೇ ಸಹಿ ಹಾಕಿರುವ
ಕೊಟ್ರಬಸಪ್ಪ
ಒಂದು ಕಾಲದ ಟೆಂಡರ್ ಗುಮಾಸ್ತ, ಕೊಪ್ಪಳ