ತಾತನ ಎಡಗಾಲು

ಮಂಗಳವಾರ ಬೆಳಿಗ್ಗೆ,
ಅಡುಗೆಮನೆಯ ಮೇಜಿನಿಂದ

ನನ್ನ ಮುದ್ದು ಸಿಡುಕಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜ್ ಹಾಕಿದರೆ ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸಿ ಕೈತೊಳೆದುಕೊಳ್ಳುತ್ತೀಯ. ಹಾಗಾಗಿ ಕಾಗದ ಹಿಡಿದು ಕೂತಿದ್ದೇನೆ. ಕಾಗದಕ್ಕೆ ಒಂದು ಅನುಕೂಲವಿದೆ, ನಡುವೆ ಯಾರೂ ಬಾಯಿ ಹಾಕಲು ಆಗುವುದಿಲ್ಲ. ಕೊರಿಯರ್‌ನವರು ಗುರುವಾರ ತಲುಪಿಸುತ್ತೇವೆ ಅಂದಿದ್ದಾರೆ. ಶನಿವಾರದ ನಿನ್ನ ಕಾರ್ಯಕ್ರಮಕ್ಕೆ ಮೊದಲು ಇದನ್ನು ಪೂರ್ತಿ ಓದು. ಅರ್ಧದಲ್ಲಿ ಸಿಟ್ಟು ಬಂದರೆ ಒಂದು ಲೋಟ ನೀರು ಕುಡಿದು ಮುಂದುವರಿಸು.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಶನಿವಾರ ನಾನು ಬರುತ್ತಿದ್ದೇನೆ. ಟಿಕೆಟ್ ತೆಗೆದಾಗಿದೆ. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಒಂದು ಜೊತೆ ಹಳೆಯ ಗಂಡಸರ ಶೂ ಇರುತ್ತದೆ. ನೀನು ವೇದಿಕೆಯ ಮೇಲೆ ಕೂರಿಸಿ ಮಾತಾಡಿಸಲಿರುವ ಆ ನಿರ್ದೇಶಕರ ಎದುರು, ಸಭೆ ತುಂಬ ಕೂತ ಅಭಿಮಾನಿಗಳ ಎದುರು, ಅವರ ಕಂಪ್ಯೂಟರ್ ಆಟದಲ್ಲಿ ಕೇಳುವ ಹೆಜ್ಜೆಗಳು ನನ್ನವು ಎಂದು ಹೇಳುತ್ತೇನೆ.

ಇನ್ನು ಹೋದ ತಿಂಗಳ ಆ ಭಾನುವಾರದ ಮಾತು. ನೀನು ನಿನ್ನ ಗೆಳೆಯರಿಗೆ ಬೇರೆ ಥರ ಹೇಳಿರಬಹುದು, ನನ್ನ ಕಿವಿಗೆ ಬಿದ್ದದ್ದು ಹೀಗೆ. ನೀನು ಸೋಫಾದಲ್ಲಿ ಕಾಲು ಮಡಚಿಕೊಂಡು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು, ನಿನ್ನ ಗುಂಪಿನ ಜೊತೆ ಹರಟುತ್ತಿದ್ದೆ. ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. ನಿಮ್ಮ ಹರಟೆ ನನಗೆ ಹೊಸದೇನಲ್ಲ. ಯಾವ ಆಟವನ್ನು ಯಾರು ಕಟ್ಟಿದರು, ಯಾರು ಯಾರ ಜೊತೆ ಮುನಿಸಿಕೊಂಡು ಕಂಪನಿ ಬಿಟ್ಟರು, ಯಾರ ಹೊಸ ಆಟಕ್ಕೆ ಹಳೆಯದರ ಹತ್ತಿರ ಸುಳಿಯುವ ಯೋಗ್ಯತೆಯೂ ಇಲ್ಲ, ಇದೇ ಪುರಾಣ. ಮದುವೆ ಮನೆಯ ಅತ್ತೆಯಂದಿರು ಸಂಬಂಧ ಜಾಲಾಡುವ ಹಾಗೆ ನೀವು ಆಟ ಮಾಡಿದವರ ಜಾತಕ ಜಾಲಾಡುತ್ತೀರಿ. ನನಗೆ ಅದು ಕೇಳಲು ಇಷ್ಟ, ನಿನಗೆ ಹೇಳಿರಲಿಲ್ಲ ಅಷ್ಟೆ.

ಅವತ್ತು ಎಂದಿನಂತೆ ‘ದೀಪ ಆರಿಸುವವನು’ ಆಟದ ಬಗ್ಗೆಯೇ ಜಗಳ. ಮುಚ್ಚಿಹೋದ ದೊಡ್ಡ ಹೋಟೆಲಿನಲ್ಲಿ ಒಬ್ಬ ಮುದುಕ ಕೋಣೆಯಿಂದ ಕೋಣೆಗೆ ನಡೆದು ಉಳಿದ ದೀಪಗಳನ್ನು ಆರಿಸುತ್ತಾ ಹೋಗುತ್ತಾನೆ, ಮಾತಿಲ್ಲ, ಸಂಗೀತವಿಲ್ಲ, ಹೆಜ್ಜೆ ಸದ್ದೊಂದೇ ಎಂದು ನೀನು ನನಗೆ ಎಷ್ಟೋ ಸಲ ವಿವರಿಸಿದ್ದೀಯ. ಆ ಮುದುಕನನ್ನು ನೀವೆಲ್ಲ ತಾತ ಅನ್ನುತ್ತೀರಿ. ತಾತನ ಎಡಗಾಲು ಯಾಕೆ ಸ್ವಲ್ಪ ಉಜ್ಜಿಕೊಂಡು ಬರುತ್ತದೆ ಎಂಬುದು ಅವತ್ತಿನ ಪಂಚಾಯಿತಿ. ಹಲ್ಲಿ ಎಂಬ ಅಡ್ಡಹೆಸರಿನ ನಿನ್ನ ಗೆಳೆಯ, ಬ್ಯಾಂಕಿನಲ್ಲಿ ಟೈ ಕಟ್ಟಿಕೊಂಡು ಕೂರುವ ಮನುಷ್ಯ, ಅದು ರೆಕಾರ್ಡಿಂಗಿನ ದೋಷ ಅಷ್ಟೇ ಎಂದ. ಇನ್ಯಾರೋ ಯುದ್ಧದಲ್ಲಿ ಗುಂಡೇಟು ಬಿದ್ದಿರಬೇಕು ಎಂದರು. ನೀನು ರೇಗಿ, ಸರಿಯಾಗ್ ಕೇಳಿಸ್ಕೊಳ್ಳಿ ಮೊದ್ಲು, ಎಂದು ಸದ್ದನ್ನು ದೊಡ್ಡ ಸ್ಪೀಕರಿಗೆ ಹಾಕಿದೆ.

ನಾನು ನಲ್ಲಿ ನಿಲ್ಲಿಸಿದೆ. ಆ ಆಟವನ್ನು ನೀನು ವರ್ಷಗಟ್ಟಲೆ ಇದೇ ಮನೆಯಲ್ಲಿ ಆಡಿದ್ದೀಯ, ಆದರೆ ಯಾವಾಗಲೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ. ದಿನವಿಡೀ ಸದ್ದಿನಲ್ಲಿ ಕೆಲಸ ಮಾಡಿ ಬರುತ್ತೇನೆ, ಮನೆಯಲ್ಲಾದರೂ ಆಟ ಸುಮ್ಮನಿರಲಿ ಎಂದು ಆ ಕಾನೂನು ಮಾಡಿದವಳು ನಾನೇ. ಹಾಗಾಗಿ ನನ್ನ ಹೆಜ್ಜೆ ನನ್ನ ಮನೆಯಲ್ಲೇ ನನಗೆ ಕೇಳದೆ ಉಳಿಯಿತು.

ನನ್ನ ಕೆಲಸ ನಿನಗೆ ಗೊತ್ತು. ನಮ್ಮಮ್ಮ ನಡೆಯುವ ಕೆಲಸ ಮಾಡುತ್ತಾಳೆ ಎಂದು ನೀನು ಶಾಲೆಯಲ್ಲಿ ಬರೆದು, ನಿನ್ನ ಟೀಚರ್ ನನ್ನನ್ನು ಅಂಚೆಯವಳು ಎಂದುಕೊಂಡಿದ್ದರು. ತೆರೆಯ ಮೇಲೆ ಯಾರೋ ನಡೆಯುತ್ತಾರೆ, ಕತ್ತಲೆಯ ಕೋಣೆಯಲ್ಲಿ ಮೈಕಿನ ಮುಂದೆ ನಡೆದು ನಾನು ಅವರ ಕಾಲಾಗುತ್ತೇನೆ. ಹಲಗೆ, ಜಲ್ಲಿ, ಕಲ್ಲು, ಒದ್ದೆ ಬಟ್ಟೆ, ಎಲ್ಲದರ ಮೇಲೂ ನಡೆದಿದ್ದೇನೆ. ಈ ಕೆಲಸದಲ್ಲಿ ಎಷ್ಟೋ ಸಲ ಏನಕ್ಕೆ ನಡೆಯುತ್ತಿದ್ದೇವೆಂದು ನಮಗೇ ಹೇಳುವುದಿಲ್ಲ. ಈ ತಾತನಿಗಾಗಿ ನಡೆದ ಸಲ ತೋರಿಸಿದ್ದು ಬೂದು ಬಣ್ಣದ, ಮುಖವಿಲ್ಲದ, ಮುದುಕನಂತೆ ಬಾಗಿ ನಡೆಯುವ ಒಂದು ಗೊಂಬೆ. ಆಟಕ್ಕೆ ಹೆಸರಿರಲಿಲ್ಲ, ಒಂದು ನಂಬರ್ ಇತ್ತು. ಯಾರಿಗೂ ಹೇಳುವುದಿಲ್ಲವೆಂದು ಸಹಿ ಹಾಕಿಸಿಕೊಂಡರು. ಹೇಳಬೇಕೆಂದರೂ ಹೇಳುವುದಕ್ಕೆ ನನಗೆ ಏನೂ ಗೊತ್ತಿರಲಿಲ್ಲ. ಆ ಸಹಿಯ ಅವಧಿ ಮುಗಿದಿದೆಯೆಂದು ಸ್ಟುಡಿಯೋದ ಹಳೆಯ ವಕೀಲರ ಹತ್ತಿರ ಹೋದ ವಾರ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.

ಒದ್ದೆ ಕೈಯಲ್ಲೇ ಹೊರಗೆ ಬಂದು, ಅವು ನನ್ ಹೆಜ್ಜೆ ಕಣೇ, ಅಂದೆ. ನೀನು ಮೈಕ್ ಆಫ್ ಮಾಡಿರಲಿಲ್ಲ. ಹಲ್ಲಿ ನಕ್ಕ, ಉಳಿದವರು ನಕ್ಕರು, ನೀನೂ ನಕ್ಕೆ. ಅಮ್ಮಾ, ನಿಂಗೆ ಎಲ್ಲಾ ಸದ್ದೂ ನಿಂದೇ ಅನ್ಸತ್ತೆ, ಅಂದೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, ನಿರ್ದೇಶಕರು ಎಲ್ಲ ಸಂದರ್ಶನದಲ್ಲೂ ಹೇಳುವ ಕಥೆಯನ್ನು ನನಗೆ ಪಾಠದಂತೆ ಒಪ್ಪಿಸಿದೆ: ತೀರಿಹೋದ ತಮ್ಮ ತಾತನ ಶೂ ಹಾಕಿಕೊಂಡು ಮನೆಯ ಪಡಸಾಲೆಯಲ್ಲಿ ತಾವೇ ನಡೆದು ರೆಕಾರ್ಡ್ ಮಾಡಿದ್ದು, ಆ ಎಡಗಾಲಿನ ಎಳೆತ ತಾತನದೇ ಎಳೆತ. ಅವ್ರ್ಯಾಕೆ ಸುಳ್ಳ್ ಹೇಳ್ತಾರೆ, ಅಂದೆ. ನಾನು ಅಟ್ಟದ ಪೆಟ್ಟಿಗೆಯಿಂದ ಶೂ ತೆಗೆಯಲು ಏಣಿ ಹಾಕುವಷ್ಟರಲ್ಲಿ ನಿನ್ನ ಸ್ವರ ಬದಲಾಯಿತು. ಆ ಆಟದ ಬಗ್ಗೆ ನಾನ್ ಬರ್ದಿರೋ ಲೇಖನ ನಿಂತಿರೋದೇ ಆ ಮಾತಿನ್ಮೇಲೆ, ಇದನ್ನ ಎಲ್ಲೂ ಹೇಳ್ಬೇಡ ಅಮ್ಮ, ಅಂದೆ. ನಂಬದವಳು ಹೇಳಬೇಡ ಅನ್ನುವುದಿಲ್ಲ. ನೀನು ನನ್ನನ್ನು ನಂಬಿದ್ದೆ, ಅದು ನನಗೆ ಆಗಲೇ ಗೊತ್ತಾಯಿತು.

ನಾನು ಹೇಳಿಯೇ ಹೇಳುತ್ತೇನೆ ಅಂದೆ. ನೀನು ಚೀಲ ಎತ್ತಿಕೊಂಡು ಹೊರಟೆ. ಮೆಟ್ಟಿಲ ಮೇಲೆ ನಿನ್ನ ಹಿಮ್ಮಡಿ ಸಿಟ್ಟಿನಲ್ಲಿ ಬೀಳುತ್ತಿತ್ತು. ಆದರೆ ಕೆಳಗಿನ ತಿರುವಿನಲ್ಲಿ ನೀನು ನಿಂತೆ. ಒಂದು ಕಾಲನ್ನು ಹಿಂದಕ್ಕೆ ತಿರುಗಿಸಿದೆ, ಮತ್ತೆ ಮುಂದಕ್ಕೆ ಹಾಕಿದೆ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಆ ಒಂದು ತಿರುಗಿದ ಕಾಲಿನ ಧೈರ್ಯದಿಂದಲೇ ಈ ಕಾಗದ ಬರೆಯುತ್ತಿದ್ದೇನೆ.

ನೀನು ಹೋದ ಮೇಲೆ ನಿನ್ನ ಲೇಖನವನ್ನು ಕೂತು ಓದಿದೆ. ಹಿಂದೆ ಓದಿದ್ದೇನೆ ಎಂದು ಹೇಳಿದ್ದೆನಲ್ಲ, ಆಗ ಬರೀ ಮೇಲಿನ ಸಾಲುಗಳ ಮೇಲೆ ಕಣ್ಣಾಡಿಸಿದ್ದೆ. ಈ ಸಲ ಶೂ ಮಗ್ಗುಲಲ್ಲಿ ಇಟ್ಟುಕೊಂಡು ಓದಿದೆ. ಆ ಶೂವಿನ ಕಥೆ ಕೇಳು. ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು, ನನ್ನ ಕಾಲಿಗೆ ದೊಡ್ಡದು, ಬೆರಳಿನ ಕಡೆ ಬಟ್ಟೆ ತುರುಕಿಕೊಂಡಿದ್ದೆ. ಎಡಗಾಲಿನ ಅಟ್ಟೆ ಮುಂದುಗಡೆ ಬಿಟ್ಟುಕೊಂಡು ಬಾಯಿ ತೆರೆದಿತ್ತು. ಮೈಕ್ ನೋಡಿಕೊಳ್ಳುತ್ತಿದ್ದವರು ಗೋಂದು ತಂದರು, ಅಂಟಿಸಿಬಿಡೋಣ ಎಂದರು. ನಾನು ಬೇಡವೆಂದೆ. ಈ ಮುದುಕನಿಗೆ, ನಿನ್ನ ಶೂ ಬಾಯಿ ಬಿಟ್ಟಿದೆ ನೋಡು ಎಂದು ಹೇಳುವವರು ಮನೆಯಲ್ಲಿ ಯಾರೂ ಇಲ್ಲ ಅಂದೆ. ಎಡಗಾಲು ಉಜ್ಜುವುದು ಹಲ್ಲಿ ಹೇಳಿದ ದೋಷವಲ್ಲ, ಗುಂಡೇಟಲ್ಲ, ಯಾರ ತಾತನ ಕುಂಟೂ ಅಲ್ಲ. ಅದು ನಾನು ತೆಗೆದುಕೊಂಡ ತೀರ್ಮಾನ.

ನಿನ್ನ ಲೇಖನದಲ್ಲಿ ಒಂದು ಸಾಲಿದೆ. ಈ ಮನುಷ್ಯನನ್ನು ಮನೆಯಲ್ಲಿ ಕಾಯುವವರು ಯಾರೂ ಇಲ್ಲವೆಂದು ಅವನ ಎಡಗಾಲೇ ಹೇಳುತ್ತದೆ ಎಂದು ಬರೆದಿದ್ದೀಯ. ಅಲ್ಲಿಗೆ ಬಂದಾಗ ನಾನು ಅತ್ತೆ. ಇಷ್ಟು ಸಾವಿರ ಜನ ಆಡಿದ ಆಟದಲ್ಲಿ, ನಾನು ಆ ಕತ್ತಲೆ ಕೋಣೆಯಲ್ಲಿ ಅಂದುಕೊಂಡದ್ದನ್ನು ಅಂದುಕೊಂಡ ಹಾಗೇ ಕೇಳಿಸಿಕೊಂಡವಳು ನನ್ನ ಮಗಳು. ಹೆಮ್ಮೆ ಎಂಬ ಮಾತು ಇದಕ್ಕೆ ಸಣ್ಣದಾಯಿತು, ಆದರೆ ಬೇರೆ ಮಾತು ನನಗೆ ತಿಳಿಯದು. ಆದ್ದರಿಂದ ಲೇಖನ ಕುಸಿದು ಬೀಳುತ್ತದೆಂದು ಹೆದರಬೇಡ. ಅದರಲ್ಲಿ ಒಬ್ಬರ ಹೆಸರು ತಪ್ಪಾಗಿದೆ, ನೀನು ಕೇಳಿಸಿಕೊಂಡದ್ದು ತಪ್ಪಾಗಿಲ್ಲ. ಕೊನೆಯ ಕಾರಿಡಾರಿನ ಭಾಗದ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ, ಅದನ್ನು ಆಮೇಲೆ ಹೇಳುತ್ತೇನೆ.

ನಿರ್ದೇಶಕರನ್ನು ಕಳ್ಳ ಎಂದು ನಾನು ಕರೆಯುವುದಿಲ್ಲ. ಅವರೂ ತಾತನ ಶೂ ಹಾಕಿಕೊಂಡು ಪಡಸಾಲೆಯಲ್ಲಿ ನಡೆದಿರಬಹುದು. ಅದು ಬಳಕೆಗೆ ಬಾರದೆ ಇನ್ಯಾರೋ ನಮ್ಮ ಕೋಣೆಗೆ ಕೆಲಸ ಕಳಿಸಿರಬಹುದು. ಒಂದು ಸಲ ಹೇಳಿದ ಕಥೆ ಜನಕ್ಕೆ ಹಿಡಿಸಿತು, ಇನ್ನೊಂದು ಸಲ ಹೇಳಿದರು, ಹೇಳುತ್ತಾ ಹೇಳುತ್ತಾ ಅವರೇ ನಂಬಿಬಿಟ್ಟರು. ಮನುಷ್ಯರು ಹಾಗೆಯೇ. ಆದರೆ ಈಗ ಆ ಆಟ ಹೊಸದಾಗಿ ಮತ್ತೆ ಬರುತ್ತಿದೆ. ದುಡಿದ ಪ್ರತಿಯೊಬ್ಬರ ಹೆಸರನ್ನೂ ಈ ಸಲ ಕೊನೆಯಲ್ಲಿ ತೋರಿಸುತ್ತೇವೆ ಎಂದು ಅವರೇ ಹೇಳಿಕೊಂಡಿದ್ದಾರೆ. ಹೆಜ್ಜೆಯ ಮುಂದೆ ತಮ್ಮ ಹೆಸರು ಇರುತ್ತದೆಂದು ನಗುತ್ತಾ ಹೇಳಿದ್ದನ್ನು ನೀನೇ ನಿಮ್ಮ ಗುಂಪಿನಲ್ಲಿ ಹಂಚಿದ್ದೆ. ಈ ತಿಂಗಳು ದಾಟಿದರೆ ಆ ಹೆಸರು ಅಲ್ಲೇ ಕೂತುಬಿಡುತ್ತದೆ, ಆಮೇಲೆ ಯಾರು ಏನೇ ಹೇಳಿದರೂ ಕೇಳುವವರಿರುವುದಿಲ್ಲ. ಇದು ದುಡ್ಡಿನ ಮಾತಲ್ಲ. ಆ ಕಂಪನಿಗೆ ನಾನು ಬರೆದ ಎರಡು ಇಮೇಲ್‌ಗೂ, ನಿಮ್ಮ ಪ್ರೀತಿಗೆ ಧನ್ಯವಾದ ಎಂಬ ಒಂದೇ ಉತ್ತರ ಬಂತು. ಪ್ರೀತಿ ತೋರಿಸಲು ನಾನು ಬರೆದಿರಲಿಲ್ಲ.

ನಿನಗೆ ಏನು ಹೋಗುತ್ತದೆ ಎಂಬುದು ನನಗೆ ಗೊತ್ತಿಲ್ಲದೆ ಇಲ್ಲ. ಶನಿವಾರ ಎಲ್ಲ ಚೆನ್ನಾಗಿ ನಡೆದರೆ ಕಾರ್ಯಕ್ರಮ ಏರ್ಪಡಿಸಿರುವ ಪತ್ರಿಕೆಯವರು ನಿನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಆಟಗಳ ಬಗ್ಗೆ ಬರೆದೇ ಬದುಕಬೇಕೆಂಬುದು ನಿನ್ನ ಎಷ್ಟು ದಿನದ ಆಸೆ. ಸಂದರ್ಶನ ಮಾಡುವವಳ ಅಮ್ಮನೇ ಎದ್ದು ನಿಂತು ರಂಪ ಮಾಡಿದಳು ಎಂದು ಊರೆಲ್ಲ ಆಡಿಕೊಂಡೀತೆಂಬ ನಿನ್ನ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೂ ಬರುತ್ತೇನೆ. ಬರೆಯುವ ಕೆಲಸಕ್ಕೆ ನೀನು ಸುಳ್ಳೊಂದನ್ನು ಗೊತ್ತಿದ್ದೂ ಮಗ್ಗುಲಲ್ಲಿ ಕೂರಿಸಿಕೊಂಡು ಹೊರಟರೆ, ಆ ಕೆಲಸ ನಿನಗೆ ದಕ್ಕುವುದಿಲ್ಲ. ಇದು ಶಾಪವಲ್ಲ, ನಿನ್ನ ಕಿವಿಯನ್ನು ಬಲ್ಲವಳ ಮಾತು.

ನಾನು ಯೋಚಿಸಿರುವುದು ಇಷ್ಟೆ. ಒಂದು ಹಲಗೆಯನ್ನೂ ತರುತ್ತೇನೆ. ವೇದಿಕೆಯ ಪರದೆಯ ಹಿಂದೆ ಅದನ್ನು ಹಾಸಿ, ಮೊದಲು ಅವರು ನಡೆಯಲಿ, ಆಮೇಲೆ ನಾನು ನಡೆಯುತ್ತೇನೆ. ಸಭೆಯವರು ಕಣ್ಣು ಮುಚ್ಚಿ ಕೇಳಲಿ. ನಿಮ್ಮ ಗುಂಪಿನವರು ಆ ಹೆಜ್ಜೆಯನ್ನು ನಿದ್ದೆಗಣ್ಣಲ್ಲೂ ಗುರುತು ಹಿಡಿಯುವವರು, ಅವರಿಗಿಂತ ಒಳ್ಳೆಯ ನ್ಯಾಯಾಧೀಶರು ನನಗೆ ಬೇಕಿಲ್ಲ. ಹಲ್ಲಿಯನ್ನು ಮುಂದಿನ ಸಾಲಿನಲ್ಲೇ ಕೂರಿಸು. ನೀನಾಗಿ ಕರೆದರೆ ಮೆಟ್ಟಿಲು ಹತ್ತಿ ಬರುತ್ತೇನೆ. ಕರೆಯದಿದ್ದರೆ ಕೂತಲ್ಲೇ ಎದ್ದು ಕೇಳುತ್ತೇನೆ. ನೀನೇ ಕರೆಯಬೇಕೆಂಬುದು ನನ್ನ ಆಸೆ, ಆದರೆ ಆಸೆ ಈಡೇರಲಿಲ್ಲವೆಂದು ವಾಪಸ್ ಬರುವವಳಲ್ಲ.

ದಿನವೂ ಆ ಶೂ ಹಾಕಿಕೊಂಡು ಅಡುಗೆಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಕೆಳಗಿನ ಮನೆಯವರು ಬಂದು, ನಿಮ್ಮನೇಲಿ ವಯಸ್ಸಾದವ್ರು ಯಾರೋ ಬಂದಿದಾರಾ, ಎಂದು ವಿಚಾರಿಸಿದರು. ಹೌದು, ಹಳೇ ಪರಿಚಯದವ್ರು, ಶನಿವಾರ ಹೊರಡ್ತಾರೆ, ಅಂದೆ.

ಊಟ ಬಿಡಬೇಡ. ವೇದಿಕೆಗೆ ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡ, ಕಚ್ಚುತ್ತದೆ.

ಇನ್ನೂ ನಡೆಯುತ್ತಲೇ ಇರುವ,
ನಿನ್ನ ಅಮ್ಮ

ತಾ.ಕ.: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬೇಕೆಂದೇ ಇದನ್ನು ಕೊನೆಗೆ ಇಟ್ಟುಕೊಂಡೆ. ಕೊನೆಯ ಕಾರಿಡಾರಿನಲ್ಲಿ ತಾತನ ಹಿಂದೆ ಇನ್ನೊಂದು ಮೆತ್ತಗಿನ ಹೆಜ್ಜೆ ಕೇಳುತ್ತದೆ, ಅವನು ನಿಂತರೆ ಅದೂ ನಿಲ್ಲುತ್ತದೆ, ಅದು ಅವನ ಸಾವು ಎಂದು ನೀನು ಬರೆದಿದ್ದೀಯ. ನಿರ್ದೇಶಕರು ಮಾತ್ರ ಆ ಹೆಜ್ಜೆಯ ಬಗ್ಗೆ ಕೇಳಿದಾಗಲೆಲ್ಲ ಮುಗುಳ್ನಕ್ಕು ಸುಮ್ಮನಾಗುತ್ತಾರಂತೆ. ಅದು ಯಾರದೆಂದು ಅವರಿಗೆ ಗೊತ್ತಿಲ್ಲ, ಅದಕ್ಕೇ ಸುಮ್ಮನಿರುತ್ತಾರೆ. ಆ ಭಾಗ ರೆಕಾರ್ಡ್ ಮಾಡಿದ ದಿನ ನಿನ್ನ ಶಿಶುವಿಹಾರಕ್ಕೆ ರಜೆ ಇತ್ತು. ನಿನ್ನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಮೂಲೆಯಲ್ಲಿ ಹಳೆ ಕೋಟುಗಳ ರಾಶಿಯ ಮೇಲೆ ಮಲಗಿಸಿದ್ದೆ. ಎದ್ದವಳು ಕಾಲುಚೀಲದಲ್ಲೇ ನನ್ನ ಹಿಂದೆ ಬಂದೆ. ನಾನು ನಿಂತರೆ ನೀನೂ ನಿಲ್ಲಬೇಕು, ಅದು ಮನೆಯಲ್ಲಿ ನಮ್ಮಿಬ್ಬರ ಆಟವಾಗಿತ್ತು. ಮಗುವಿನ ಹೆಜ್ಜೆಯೂ ಮೈಕಿಗೆ ಬಿದ್ದಿದೆ, ಮತ್ತೆ ಮಾಡೋಣ ಎಂದು ನಾನು ಅಂದೆ. ಮೈಕಿನವರು ಹೆಡ್‌ಫೋನ್ ತೆಗೆಯದೆ, ಬೇಡ, ಹೀಗೇ ಇರ್ಲಿ, ಎಂದರು. ಆದ್ದರಿಂದ ಶನಿವಾರ ನಾನು ಎರಡು ಹೆಸರು ಕೇಳುತ್ತೇನೆ. ನಿನ್ನದು ನನ್ನ ಹೆಸರಿನ ಕೆಳಗಿರಲಿ, ನನ್ನ ಹಿಂದೆಯೇ ಬಂದವಳಲ್ಲವೇ.