ಬೆಲ್ಟ್ ಹಾಕ್ಸಿ…

ಮಾರ್ಚ್ 9, ಶನಿವಾರ

ಆಯಿಲ್ ಬದಲಾಯಿಸೋಕೆ ಅಂತ ಹೋದದ್ದು. ಮೆಕ್ಯಾನಿಕ್ ಬಾನೆಟ್ ಎತ್ತಿದ, ಮೀಟರ್ ನೋಡಿದ, ತಲೆ ಕೆರೆದುಕೊಂಡ. "ಟೈಮಿಂಗ್ ಬೆಲ್ಟ್ ಯಾವಾಗ ಹಾಕ್ಸಿದ್ದು ಮೇಡಂ?" ನನಗೇನು ಗೊತ್ತು! ಕಾರು ಅಣ್ಣನದು. ಹೊಸದು ತಗೊಳ್ಳೋ ಆಸೇಲಿ ಈ ಹಳೇ ಡಬ್ಬ ನನ್ನ ತಲೆಗೆ ಕಟ್ಟಿದ. ತಿಂಗಳೊಳಗೆ ಅವನಿಗೆ ಸ್ಟ್ರೋಕ್. ಐದು ತಿಂಗಳಾಯ್ತು, ಬಾಯಿಂದ ಒಂದು ಮಾತಿಲ್ಲ. ಕೇಳೋದಾದರೂ ಹೇಗೆ?

"ಸದ್ದು ಗಿದ್ದು ಏನೂ ಮಾಡಲ್ಲ ಮೇಡಂ ಅದು. ಒಂದಿನ ಫಟ್ ಅಂತ ಹರಿಯುತ್ತೆ. ಅಲ್ಲಿಗೆ ಇಂಜಿನ್ ಖಲಾಸ್." ಇಷ್ಟು ಹಳೇ ಕಾರಿಗೆ ಅಷ್ಟು ಖರ್ಚು ದಂಡ, ಗುಜರಿಗೆ ಕೊಡೋದೇ ವಾಸಿ ಅಂತಾನೂ ಅಂದ. ಯೋಚನೆ ಮಾಡ್ತೀನಿ ಅಂದು ಬಂದೆ.

ಕೊಟ್ಟುಬಿಟ್ಟರೆ ಭಾನುವಾರ ಅಣ್ಣನ ಹತ್ತಿರ ಹೋಗೋದು ಹೇಗೆ? ಕೇರ್ ಹೋಂ ಇರೋದು ನಲವತ್ತು ಕಿಲೋಮೀಟರ್ ಆಚೆ. ಬಸ್ಸು ಅರ್ಧ ದಾರಿಗೇ ನಿಲ್ಲುತ್ತೆ. ಅದೊಂದು ದಿನ ಬಿಟ್ಟರೆ ನಾನು ಬಾಯಿ ಬಿಡೋದು ಅಂಗಡಿಯವನ ಹತ್ತಿರ ಮಾತ್ರ. ಅದೂ ಚಿಲ್ಲರೆಗೆ.

ಮಾರ್ಚ್ 10, ಭಾನುವಾರ, ಸಂಜೆ

ಅಣ್ಣ ಮಾತಾಡಿದ!

ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಿಸಿದೆ. ಎಂದಿನ ಹಾಗೆ ಅವನ ಉಗುರು ಕತ್ತರಿಸ್ತಾ ವಾರದ ವರದಿ ಒಪ್ಪಿಸ್ತಿದ್ದೆ. "ನಿನ್ನ ಕಾರಿಗೆ ಟೈಮಿಂಗ್ ಬೆಲ್ಟ್ ಬದಲಾಯಿಸಬೇಕಂತೆ ಕಣೋ" ಅಂದೆ. ತಲೆ ಎತ್ತಿದ. ತುಟಿ ಒದ್ದಾಡಿತು. "ಬೆಲ್ಟ್… ಹಾಕ್ಸಿ…"

ಸಿಸ್ಟರ್ ಓಡಿ ಬಂದಳು. ನಾನು ಅತ್ತೇಬಿಟ್ಟೆ. "ಆಯ್ತು ಅಣ್ಣ, ಹಾಕಿಸ್ತೀನಿ" ಅಂದೆ. ಅಷ್ಟಕ್ಕೇ ಸಿಟ್ಟು! ಎಡಗೈಲಿ ಮಂಚ ಕುಟ್ಟಿದ. "ಹಾಕ್ಸಿ… ಹಾಕ್ಸಿ…" ಬಾಯಿ ಬಂದ ಮೊದಲ ದಿನವೇ ದರ್ಬಾರು ಶುರು.

ಮಾರ್ಚ್ 13, ಬುಧವಾರ, ಮಧ್ಯಾಹ್ನ

ಪ್ರೆಸ್ಸಲ್ಲಿ. ಪ್ರೂಫ್ ತಿದ್ದುತ್ತಿದ್ದವಳಿಗೆ ಥಟ್ಟನೆ ಹೊಳೀತು — 'ಹಾಕ್ಸಿ' ಅಂದರೆ ಏನು? ಹಾಕ್ಸಿದ್ಯಾ? ಹಾಕ್ಸಿಕೋ? ಹಾಕ್ಸಿದೀನಿ? ಬಾಲ ನುಂಗಿಬಿಟ್ಟಿದ್ದಾನೆ ಪುಣ್ಯಾತ್ಮ. ಯಾರು, ಯಾವಾಗ ಅನ್ನೋದೆಲ್ಲ ಆ ಬಾಲದಲ್ಲೇ ಇರೋದು. ಇಂಥ ವಾಕ್ಯ ಬಂದರೆ ಅಂಚಿನಲ್ಲಿ ಪ್ರಶ್ನೆ ಗುರುತು ಹಾಕಿ ಲೇಖಕರಿಗೆ ವಾಪಸ್ ಕಳಿಸ್ತೀನಿ. ಮೂವತ್ತು ವರ್ಷದಿಂದ ಇದೇ ಕೆಲಸ. ಇಲ್ಲಿ ಲೇಖಕರೇ ಹಾಸಿಗೆ ಹಿಡಿದಿದ್ದಾರೆ.

ಹೇಳಿ ನಗೋಣ ಅಂದರೆ ಎದುರು ಕುರ್ಚಿ ಖಾಲಿ. ಒಬ್ಬಳೇ ನಕ್ಕೆ.

ಮಾರ್ಚ್ 17, ಭಾನುವಾರ

ಮೂರನ್ನೂ ಬಿಡಿಸಿ ಬಿಡಿಸಿ ಕೇಳಿದೆ. ಮೂರಕ್ಕೂ ಒಂದೇ ಥರ ತಲೆ ಆಡಿಸಿದ. "ಹೂಂ, ಉಹೂಂ ಎರಡೂ ಅವರಿಗೆ ಕಲಸಿಹೋಗಿದೆ ಅಕ್ಕ" ಅಂದಳು ಸಿಸ್ಟರ್. ಮತ್ತೆ ಅದೇ, "ಬೆಲ್ಟ್… ಹಾಕ್ಸಿ…" ಎರಡು ಗಂಟೆ ಹೊತ್ತು. ಕೊನೆಗೆ ಅವನ ಕಣ್ಣಲ್ಲೂ ನೀರು.

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯ್ತು. ಇಷ್ಟು ಹೊತ್ತು ಯಾರಾದರೂ ನನ್ನ ಹತ್ತಿರ ಮಾತಾಡಿ ಎಷ್ಟು ಕಾಲವಾಯ್ತೋ.

ಬೆಲ್ಟ್ ಹಾಕಿಸೋದೇ ಸರಿ. ಗುಜರಿ ಗಿಜರಿ ಮಾತೇ ಇಲ್ಲ.

ಮಾರ್ಚ್ 23, ಶನಿವಾರ

ಮೆಕ್ಯಾನಿಕ್ ಬೆಲ್ಟಿನ ಕವರ್ ಬಿಚ್ಚಿದವನೇ ಕೂಗಿದ. "ಮೇಡಂ, ಬನ್ನಿ ಇಲ್ಲಿ!" ಬೆಲ್ಟ್ ಹೊಸದು. ಒಂದು ಬಿರುಕಿಲ್ಲ, ಮೇಲಿನ ಅಕ್ಷರ ಕೂಡ ಮಾಸಿಲ್ಲ. ಕವರಿನ ಜಿಡ್ಡು ಒರೆಸಿದರೆ ಅಡಿಯಲ್ಲಿ ಒಂದು ಚೀಟಿ, ಬೇರೆ ಯಾವುದೋ ಗ್ಯಾರೇಜಿನದು. ತಾರೀಖು — ಅಣ್ಣ ಕಾರು ನನಗೆ ಕೊಡೋದಕ್ಕೆ ನಾಲ್ಕು ದಿನ ಮುಂಚೆ.

"ಯಾರೋ ಮುತುವರ್ಜಿಯಿಂದ ಹಾಕ್ಸಿದಾರೆ ನೋಡಿ."

ಹಾಕ್ಸಿದೀನಿ. ಅದನ್ನೇ ಅವನು ಬಡಕೊಳ್ತಿದ್ದದ್ದು. ನಾನೋ, ಕೀ ಇಸಕೊಳ್ಳುವಾಗ ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. 'ನಿನಗೆ ಬೇಡವಾದದ್ದು ನನಗೆ' ಅಂದಿದ್ದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು.

ಮಾರ್ಚ್ 24, ಭಾನುವಾರ

ಬಾಗಿಲಿಂದಲೇ ಕೂಗಿದೆ. "ನೀನೇ ಹಾಕ್ಸಿದೀಯ! ಗೊತ್ತಾಯ್ತು ಕಣೋ ಅಣ್ಣ!"

ನನ್ನನ್ನೇ ನೋಡಿದ. ಉಸಿರು ಬಿಟ್ಟ, ಇಷ್ಟುದ್ದ. ಎಡಗೈ ನನ್ನ ತಲೆ ಮೇಲಿಟ್ಟ. ಆಮೇಲೆ ಹಾಗೇ ನಿದ್ದೆ ಹೋದ.

ಏಪ್ರಿಲ್ 14, ಭಾನುವಾರ

ಮೂರನೇ ವಾರ. ಒಂದು ಮಾತಿಲ್ಲ. ಬೆಲ್ಟ್ ಅಂದೆ, ಕಾರು ಅಂದೆ. ನಗ್ತಾನೆ, ಕಿಟಕಿ ಕಡೆ ತಿರುಗ್ತಾನೆ. ಹೇಳಬೇಕಾದ್ದು ಹೇಳಿ ಆಯ್ತಲ್ಲ ಅವನಿಗೆ. ಅಷ್ಟು ಬಂದದ್ದೇ ಹೆಚ್ಚು ಅಂದರು ಡಾಕ್ಟರು.

ಕಾರೇನೋ ಚೆನ್ನಾಗಿ ಓಡ್ತಿದೆ. ಇನ್ನು ನಾಲ್ಕೈದು ವರ್ಷ ಯೋಚನೆ ಇಲ್ಲವಂತೆ. ಬರ್ತಾ ದಾರೀಲಿ ಅನ್ನಿಸ್ತು, ಯಾಕಾದರೂ ಅರ್ಥವಾಯ್ತೋ! ಇನ್ನೂ ಸ್ವಲ್ಪ ದಿನ ದಡ್ಡಿಯಾಗೇ ಇರಬಾರದಿತ್ತಾ. ಅಷ್ಟು ದಿನವಾದರೂ ಮಾತಾಡ್ತಿದ್ದ.

ಮುಂದಿನ ವಾರ ಮುಖ ಊದಿಸಿಕೊಂಡು ಹೋಗ್ತೀನಿ. ಕ್ಲಚ್ ಪ್ಲೇಟ್ ಹಾಕಿಸದೆ ಯಾಕೆ ಕೊಟ್ಟೆ ಅಂತ ಸುಮ್ಮಸುಮ್ಮನೆ ಜಗಳ ತೆಗೀತೀನಿ. ಸಿಟ್ಟು ಮಾಡಿಕೊಳ್ಳಲಿ, ಮಂಚ ಕುಟ್ಟಲಿ. ಒಂದೇ ಒಂದು ಅಕ್ಷರ ಅಂದರೆ ಸಾಕು ಅಣ್ಣ, ಮಿಕ್ಕಿದ್ದು ನಾನೇ…