ನಡುಹೊಳೆಯಲ್ಲಿ ನಿಂತ ಬಾತುಮರಿ

ಮಣಿರಾಮ್‌ಪುರ
ಪೌಷ ೧೯

ನನ್ನ ಮುದ್ದಿನ ಝಿನುಕ್‌ಗೆ ಅಮ್ಮನ ದುಆ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಚೆನ್ನಾಗಿದ್ದೀನಿ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯಲು ಕೂತೆ. ಕೂತೆ ಅಂದರೂ ಸುಳ್ಳೇ. ಎರಡು ಸಾಲು ಬರೆಯುತ್ತೇನೆ, ಎದ್ದು ಅಂಗಳಕ್ಕೆ ಹೋಗುತ್ತೇನೆ, ತಿಂದು ಮುಗಿಸಿದ ಕೋಳಿಗಳಿಗೆ ಇನ್ನೊಮ್ಮೆ ನುಚ್ಚು ಹಾಕಿ ಬರುತ್ತೇನೆ. ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ: ನಿನ್ನನ್ನು ಕೇಳದೆ ಆ ಕೌದಿಯನ್ನು ಪೆಟ್ಟಿಗೆಯಿಂದ ತೆಗೆದೆ.

ನಿನ್ನ ಮಗುವಿಗೆಂದು ಹೊಲಿಯುತ್ತಿದ್ದ ಕೌದಿ. ಹೋದ ವರ್ಷ ಆಸ್ಪತ್ರೆಯಿಂದ ನಾವು ಬರಿಗೈಲಿ ಬಂದ ಮೇಲೆ, ಸೂಜಿ ಚುಚ್ಚಿದ್ದ ಹಾಗೆಯೇ ಮಡಚಿ ಇಟ್ಟಿದ್ದೆ.

ಕಾರ್ತಿಕದಲ್ಲಿ ಅದೇ ಆಸ್ಪತ್ರೆಯ ನರ್ಸ್ ಮಾಲತಿದೀದಿ ನಮ್ಮ ಓಣಿಗೆ ಬಂದಿದ್ದರು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಚಳಿಗಾಲಕ್ಕೆ ಹೊದಿಕೆ ಸಾಲದು, ಕೈಲಾದವರು ಒಂದೊಂದು ಕೌದಿ ದಾನ ಕೊಡಿ ಎಂದರು. ಎಲ್ಲರೂ ಒಪ್ಪಿದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಪೆಟ್ಟಿಗೆ ತೆರೆಯುವ ಧೈರ್ಯ ಬರಲು ಬಹಳ ದಿನ ಹಿಡಿಯಿತು.

ಅದರ ಮೇಲೆ ದಾರದಲ್ಲಿ ಚಿತ್ರವಾಗಿ ಹೊಲಿದಿರುವುದು ನಿನ್ನ ಕಥೆಯೇ. ಚಿಕ್ಕವಳಿದ್ದಾಗ ದಿನಾ ಹೇಳಿಸಿಕೊಳ್ಳುತ್ತಿದ್ದೆಯಲ್ಲ, ನೆರೆಯಲ್ಲಿ ಕೊಚ್ಚಿಹೋದ ಬಾತುಮರಿಯದು. ಆಮೆಯೊಂದು ಅದನ್ನು ಬೆನ್ನ ಮೇಲೆ ಕೂರಿಸಿಕೊಂಡು, ದಡದಿಂದ ದಡಕ್ಕೆ ಈಜಿ, ಇದು ಯಾರ ಮನೆ ಕೂಸು ಎಂದು ಕೇಳುತ್ತ ಹೋಗುತ್ತದೆ. ಎಲ್ಲರೂ ನಮ್ಮದಲ್ಲ ಅನ್ನುತ್ತಾರೆ. ಕೊನೆಗೆ ತಾಯಿಬಾತಿನ ಕೂಗು ಕೇಳಿಸುತ್ತದೆ. ಮರಿ ಮನೆ ಮುಟ್ಟುವ ತನಕ ನೀನು ನನಗೆ ತೂಕಡಿಸಲೂ ಬಿಡುತ್ತಿರಲಿಲ್ಲ. ಕೌದಿಯಲ್ಲಿ ಆಮೆ ಇನ್ನೂ ನಡುಹೊಳೆಯಲ್ಲಿತ್ತು. ದಡವಿರಬೇಕಾದಲ್ಲಿ ಬರೀ ಬಿಳಿ ಬಟ್ಟೆ.

ಸೂಜಿ ಮುಂದಕ್ಕೆ ಹೋಗಲೊಲ್ಲದು. ತಾಯಿಬಾತಿನ ಕೊಕ್ಕು ಹೊಲಿಯುವುದು, ಬಿಚ್ಚುವುದು. ಪಕ್ಕದ ಮನೆ ಕುಲ್ಸುಮ್ ನೋಡಿ ನೋಡಿ ಸಾಕಾಗಿ, “ಬುಬು, ನನ್ನಕ್ಕಾ, ಅಲ್ಲಿಗೇ ಅಂಚು ಕಟ್ಟಿ ಕೊಟ್ಬಿಡು. ಉಚ್ಚೆ ಹೊಯ್ಯೋ ಕೂಸು ಕಥೆ ಓದುತ್ತಾ?” ಅಂದಳು. ನನಗೆ ನಗುವೂ ಬಂತು, ಸಿಟ್ಟೂ ಬಂತು.

“ಕೂಸು ಓದಲ್ಲ ಕಣೇ. ಅದರ ಪಕ್ಕ ಕೂತಿರ್ತಾಳಲ್ಲ ತಾಯಿ, ಅವಳು ನೋಡ್ತಾಳೆ. ಹೊಳೆ ಮಧ್ಯ ಬಿಟ್ಟು ಹೇಗೆ ಕೊಡ್ಲಿ?”

ಅವಳು ನನ್ನೆದುರು ಕೂತು ಇನ್ನೊಂದು ಸೂಜಿಗೆ ದಾರ ಪೋಣಿಸಿದಳು. ದಡವನ್ನು ಅವಳು ಹೊಲಿದಳು, ಬಾತುಗಳನ್ನು ನಾನು.

ಕೊಟ್ಟು ಬಂದುಬಿಡಬೇಕೆಂದೇ ಹೋದೆ. ಆಗಲಿಲ್ಲ. ಮಾಲತಿದೀದಿ ಅದನ್ನು ಬಿಸಿನೀರಲ್ಲಿ ಒಗೆಸಿ ಒಂದು ಹೆಣ್ಣುಕೂಸಿಗೆ ಹೊದಿಸಿದರು. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ತಾಯಿಯ ಹೆಸರು ರೂಪ್ಸಾ, ನಿನ್ನದೇ ವಯಸ್ಸು. ಮಾರನೆಯ ದಿನವೂ ಹೋದೆ. ಅದರ ಮಾರನೆಯ ದಿನವೂ. ಒಲೆಯ ಮೇಲೆ ಅನ್ನ ಇಟ್ಟದ್ದು ಮರೆತು ಬಸ್ಸು ಹತ್ತಿದ್ದೂ ಉಂಟು. ಯಾರ ಮನೆ ಕೂಸಿಗೋ ನೀನ್ಯಾಕೆ ಉಸಿರು ಹಿಡಿದುಕೊಂಡಿದ್ದೀಯ ಎಂದು ನಿನ್ನ ಅಬ್ಬಾ ಬೈದರು. ಬೈಯುತ್ತಲೇ ಬಸ್ಸಿನ ತನಕ ಬಂದರು.

ಒಂದು ಸಂಜೆ ಕೂಸಿಗೆ ಉಸಿರು ಸಿಕ್ಕಿಕೊಂಡಿತು. ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಆ ಪಡಸಾಲೆ, ಆ ಬೆಂಚು ನಿನಗೆ ಗೊತ್ತು. ರೂಪ್ಸಾ ನನ್ನ ಸೆರಗು ಹಿಡಿದು, “ಖಾಲಾ, ಕೌದಿ ಮೇಲಿನ ಆ ಬಾತುಮರಿ ಮನೆಗೆ ಹೋಯ್ತು ತಾನೇ?” ಎಂದು ಕೇಳಿದಳು. ಹೋಯ್ತು ಎಂದೆ.

“ಮೊದ್ಲಿಂದ ಹೇಳಿ.”

ಹೇಳಿದೆ. ಬಾಗಿಲು ತೆರೆದು, ಈಗ ಪರವಾಗಿಲ್ಲ ಎಂದು ಅವರು ಹೇಳುವ ತನಕ ಅದನ್ನೇ ತಿರುತಿರುಗಿ ಹೇಳಿದೆ.

ಇವತ್ತು ಕೂಸನ್ನು ಮನೆಗೆ ಕಳಿಸಿದರು. ಕೌದಿ ಆಸ್ಪತ್ರೆಯಲ್ಲೇ ಉಳಿಯಬೇಕಿತ್ತು. ರೂಪ್ಸಾ ಅದರಲ್ಲೇ ಕೂಸನ್ನು ಸುತ್ತಿಕೊಂಡಾಗ ಮಾಲತಿದೀದಿ ನೋಡದವರಂತೆ ಆ ಕಡೆ ತಿರುಗಿ ನಿಂತರು. ಗಾಡಿ ತಿರುವು ದಾಟುವ ತನಕ ನಾನು ಗೇಟಿನಲ್ಲಿದ್ದೆ. ಮನೆಗೆ ಬಂದಾಗಿನಿಂದ ಈ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿಲ್ಲ. ಕೇಳದೆ ಕೊಟ್ಟದ್ದಕ್ಕೆ ಬೈಯಬೇಕೆನಿಸಿದರೆ ಬೈಯಿ ಮಗಳೇ. ಒಳಗೇ ಇಟ್ಟುಕೊಳ್ಳಬೇಡ.

ಇಂತಿ,
ನಿನ್ನ ಅಮ್ಮ
ಸಾಲೇಹಾ

ತಾ.ಕ.: ಹೊರಡುವಾಗ ರೂಪ್ಸಾ, ಕೂಸಿಗೆ ಕರೆಯುವ ಹೆಸರು ನೀವೇ ಇಡಿ ಎಂದಳು. ನಿನ್ನ ಮಗಳಿಗೆಂದು ನೀನು ನನ್ನ ಕಿವಿಯಲ್ಲಿ ಮಾತ್ರ ಹೇಳಿದ್ದ ಹೆಸರು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಅದು ನಿನ್ನದು, ಯಾರಿಗೂ ಕೊಡಲಾರೆ. ಆದರೆ ಒಂದು ಸಲ ಅದನ್ನು ಬಾಯಿಬಿಟ್ಟು ಕರೆಯಬೇಕು ಅನಿಸುತ್ತಿದೆ ಝಿನುಕ್. ನೀನು ಬಂದರೆ ಇಬ್ಬರೂ ಕರೆಯೋಣ.